ಬಿಸಿಗೆ ಬಾಗಿದ ಬೆಳಕು

ಸೌದಿಯ ದಮ್ಮಾಮಿಗೆ ಬಂದ ಮೊದಲ ಬೆಳಿಗ್ಗೆ ಮುಖ ತೊಳೆಯಲೆಂದು ತಣ್ಣೀರಿನ ನಲ್ಲಿ ತಿರುಗಿಸಿದೆ. ಕೈ ಚುರ್ರೆಂದಿತು. ನಲ್ಲಿಗಳನ್ನು ಅದಲುಬದಲು ಕೂರಿಸಿರಬೇಕೆಂದುಕೊಂಡು ಇನ್ನೊಂದನ್ನು ತಿರುಗಿಸಿದರೆ ಅದರಲ್ಲಿಯೂ ಕುದಿಯುವ ನೀರು. ಆಗಸ್ಟ್ ತಿಂಗಳು. ನಮ್ಮ ಉದ್ಯಾವರದಲ್ಲಿ ಅದೇ ಹೊತ್ತಿಗೆ ಅಮ್ಮ ಬಚ್ಚಲ ಒಲೆಗೆ ಹಸಿ ಸೌದೆ ತುರುಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿರುತ್ತಾಳೆ. ಇಲ್ಲಿ ಕೆಂಪಾದ ಕೈ ಹಿಡಿದುಕೊಂಡು ನಾನು ಪಕ್ಕದ ಫ್ಲಾಟಿನ ಬಾಗಿಲು ತಟ್ಟಿದೆ.

ಬಾಗಿಲು ತೆರೆದವರು ಭಟ್ಕಳದ ಝುಬೇದಾ ಅಕ್ಕ. ಗಂಡನಿಗೆ ಇಲ್ಲಿ ಅತ್ತರಿನ ಅಂಗಡಿ. ಅವರದು ನವಾಯತಿ, ನನ್ನದು ಕೊಂಕಣಿ. ಅರ್ಧ ಮಾತು ಹಾಗೆಯೇ ಅರ್ಥವಾಗುತ್ತದೆ, ಉಳಿದ ಅರ್ಧಕ್ಕೆ ಕನ್ನಡ ಇದೆ.

"ಎಂತ ಮಾರಾಯ್ತಿ, ಗೀಸರ್ ಹಾಕಿಟ್ಟಿದ್ದೀಯಾ? ಬೇಸಿಗೆಯಲ್ಲಿ ಅದರ ಸ್ವಿಚ್ ಬಂದ್ ಮಾಡಬೇಕು. ಮೇಲಿನ ಟ್ಯಾಂಕಿಯ ನೀರು ಕುದೀತಾ ಇರ್ತದೆ. ಗೀಸರಿನೊಳಗೆ ನಿಂತ ನೀರು ಏಸಿಗೆ ತಣ್ಣಗಾಗ್ತದೆ. ತಣ್ಣೀರು ಬೇಕಾದ್ರೆ ಬಿಸಿನೀರಿನ ನಲ್ಲಿ ತಿರುಗಿಸುವುದು" ಎಂದರು. ಹೇಳಿ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ನಾನು ಸಂಬಳಕ್ಕಾಗಿ ಸೌದಿಗೆ ಬಂದೆನೆಂದು ಊರಿನಲ್ಲಿ ತಿಳಿದಿದ್ದಾರೆ. ಸಂಬಳ ಬೇಡವೆಂದಲ್ಲ. ಆದರೆ ಬಂದದ್ದು ಸೇಡಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ಒಳ್ಳೆಯವಳೆಂದು ತಪ್ಪು ತಿಳಿದೀರಿ.

ಊರಿನ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಪಿಎಚ್‌ಡಿಗೆಂದು ಕೆಲಸ ಮಾಡಿದೆ. ನನ್ನ ಗೈಡಿನ ಹೆಸರು ಇಲ್ಲಿ ಬರುವುದಿಲ್ಲ. ಬರೆಯಬೇಕಾದಲ್ಲಿ ಅವರು ನನ್ನ ಹೆಸರು ಬರೆಯಲಿಲ್ಲ, ನಾನೂ ಅವರದನ್ನು ಬರೆಯುವುದಿಲ್ಲ. ನಮ್ಮ ವಿಷಯ, ಬಲವಾದ ಬೆಳಕಿನ ವಕ್ರಬುದ್ಧಿ. ದೀಪದ ಸಾಧಾರಣ ಬೆಳಕು ಗಾಜಿನೊಳಗೆ ಹೋಗಿ ಆಚೆ ಬರುತ್ತದೆ, ಗಾಜು ಇದ್ದ ಹಾಗೆಯೇ ಇರುತ್ತದೆ. ಲೇಸರಿನ ತೀವ್ರ ಬೆಳಕು ಹಾಗಲ್ಲ. ತಾನು ಹಾಯುವ ವಸ್ತುವನ್ನೇ ಬದಲಿಸಿ, ಅಲ್ಲೊಂದು ಮಸೂರ ಹುಟ್ಟಿಸಿ, ತನ್ನ ದಾರಿಯನ್ನು ತಾನೇ ಬಗ್ಗಿಸಿಕೊಳ್ಳುತ್ತದೆ. ಬೆಳಕನ್ನು ಇಮ್ಮಡಿ ಮಾಡಿದರೆ ಫಲ ಇಮ್ಮಡಿಯಾಗಬೇಕೆಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಯಾವ ವಸ್ತು ಎಷ್ಟು ಬಗ್ಗಿಸುತ್ತದೆ ಎಂದು ಅಳೆಯಲು, ಅದನ್ನು ಕಿರಣದ ಉದ್ದಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತಾ ಆಚೆ ಬಂದ ಬೆಳಕನ್ನು ದಾಖಲಿಸುತ್ತೇವೆ. ಪರದೆಯ ಮೇಲೆ ಒಂದು ಗುಡ್ಡ ಮತ್ತು ಒಂದು ಕಣಿವೆ ಮೂಡಿದರೆ ವಸ್ತುವಿಗೆ ಆ ಗುಣ ಇದೆ ಎಂದು ಅರ್ಥ.

ನಾನು ಅಳೆದದ್ದು ಪುನರ್ಪುಳಿಯ ಬಣ್ಣವನ್ನು. ಹೌದು, ನಾವು ಸಾರು ಮಾಡುವ, ಶರಬತ್ತು ಕುಡಿಯುವ ಅದೇ ಪುನರ್ಪುಳಿ. ಸಿಪ್ಪೆಯ ಕೆಂಪನ್ನು ಸ್ಪಿರಿಟ್ಟಿನಲ್ಲಿ ಇಳಿಸಿ, ಹಸಿರು ಲೇಸರಿಗೆ ಹಿಡಿದರೆ ಪರದೆಯಲ್ಲಿ ಆಗುಂಬೆ ಘಾಟಿಯಷ್ಟು ದೊಡ್ಡ ಗುಡ್ಡ ಬಂತು. ಗೈಡಿಗೆ ಹಿಗ್ಗೋ ಹಿಗ್ಗು. ನನಗೆ ಅನುಮಾನ. ನಮ್ಮ ಲೇಸರ್ ಎಡೆಬಿಡದೆ ಉರಿಯುವಂಥದು. ಬಣ್ಣ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಬಿಸಿಯಾದ ದ್ರವವೂ ಮಸೂರದ ಹಾಗೆ ವರ್ತಿಸುತ್ತದೆ. ಗುಡ್ಡ ಬಿಸಿಯದ್ದಾಗಿರಬಹುದು ಸರ್ ಎಂದೆ.

"ಅಳೆಯುವುದು ನಿನ್ನ ಕೆಲಸ ಲವೀನಾ, ಯೋಚನೆ ಮಾಡುವುದು ನನಗೆ ಬಿಡು" ಎಂದರು.

ಎರಡು ತಿಂಗಳಲ್ಲಿ ಪ್ರಬಂಧ ಅಚ್ಚಾಗಿ ಬಂತು. ಗೈಡಿನ ಹೆಸರಿತ್ತು, ಅವರ ಅಳಿಯನ ಹೆಸರಿತ್ತು. ಅಳಿಯ ಪ್ರಯೋಗಾಲಯದ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ನನ್ನ ಹೆಸರೆಲ್ಲಿ ಎಂದು ಕೇಳಿದ್ದಕ್ಕೆ, ಥೀಸಿಸ್‌ಗೆ ಸಹಿ ಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದರು. ಆ ಸಹಿ ಬರಲೇ ಇಲ್ಲ. ಡಾಕ್ಟರ್ ಆಗಬೇಕಾದವಳು ಹೀಗೆ ಇಲ್ಲಿ ಒಂದು ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಾಲಯಕ್ಕೆ ತಂತ್ರಜ್ಞೆಯಾಗಿ ಬಂದೆ. ಇಲ್ಲಿ ವಾಸಕ್ಕೆ ಕೊಡುವ ಇಕಾಮಾ ಎಂಬ ಗುರುತಿನ ಚೀಟಿಯಲ್ಲಿಯೂ ಹಾಗೆಯೇ ಬರೆದಿದೆ. ಈ ಕೆಲಸಕ್ಕೆ ಅರ್ಜಿ ಹಾಕಿದ್ದು ಒಂದೇ ಕಾರಣಕ್ಕೆ: ಇವರಲ್ಲಿ ಬೆಳಕನ್ನು ಮಿಣುಕು ಮಿಣುಕಾಗಿ ಕೊಡುವ ಲೇಸರ್ ಇತ್ತು. ಎರಡು ಮಿಣುಕುಗಳ ನಡುವೆ ಬಿಸಿ ಆರಿಹೋಗುವಷ್ಟು ಬಿಡುವು ಕೊಡಬಹುದು. ಗುಡ್ಡ ಆಗಲೂ ನಿಂತರೆ ಅದು ಬೆಳಕಿನ ಗುಣ, ಮಾಯವಾದರೆ ಬರೀ ಬಿಸಿ.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ನೂರಾ, ಈ ನಾಡಿನವರೇ. ಎಲ್ಲರೂ ದಕ್ತೂರಾ ಎನ್ನುತ್ತಾರೆ, ಡಾಕ್ಟರಮ್ಮ ಎಂದ ಹಾಗೆ. ತಾವೇ ಕಾರು ಓಡಿಸಿಕೊಂಡು ಬಂದು, ಬಾಗಿಲಲ್ಲಿ ಅಬಾಯಾದ ತೋಳು ಮಡಚಿ ನೇರ ಲೇಸರ್ ಮೇಜಿಗೆ ಹೋಗುತ್ತಾರೆ. ಅವರ ದೊಡ್ಡ ಲೇಸರ್ ಬೆಳಿಗ್ಗೆ ಎದ್ದ ಕೂಡಲೇ ಮಿಣುಕುವುದಿಲ್ಲ, ಸುಮ್ಮನೆ ಒಂದೇ ಸಮ ಬೆಳಗುತ್ತದೆ. ಯಾರಾದರೂ ಮೇಜಿಗೆ ಹದವಾಗಿ ಒಮ್ಮೆ ತಟ್ಟಬೇಕು. ಆ ಅಲುಗಾಟದಲ್ಲಿ ಬೆಳಕು ಒಂದು ಕಡೆ ಗುಂಪುಗೂಡಿ, ಗುಂಪಿನ ಬಲದಿಂದ ತನ್ನನ್ನು ತಾನೇ ಬಿಗಿ ಮಾಡಿಕೊಂಡು ಮಿಣುಕಲು ಶುರುಮಾಡುತ್ತದೆ. ದಕ್ತೂರಾ "ಯಲ್ಲಾ", ನಡಿ ನಡಿ, ಎಂದು ತಟ್ಟಿದರೆ ಮೊದಲ ಸಲಕ್ಕೇ ಆಗುತ್ತಿತ್ತು. ನನಗೆ ಆ ಹದ ಸಿಗಲು ಮೂರು ವಾರ ಬೇಕಾಯಿತು. ಸಿಕ್ಕ ದಿನ ದಕ್ತೂರಾ ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಗಹ್ವಾ ಬಗ್ಗಿಸಿ ಕೊಟ್ಟರು. ಹಾಲಿಲ್ಲದ, ಸಕ್ಕರೆಯಿಲ್ಲದ ಆ ಹಳದಿ ಕಾಫಿಯನ್ನು ಖರ್ಜೂರ ಕಚ್ಚಿಕೊಂಡು ಕುಡಿಯುವುದನ್ನೂ ಅಂದೇ ಕಲಿತೆ.

ಉಳಿದದ್ದು ಅಷ್ಟು ಸುಲಭಕ್ಕೆ ಒಗ್ಗಲಿಲ್ಲ. ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ. ಊರಿನಲ್ಲಿ ಇಗರ್ಜಿಯ ಗಂಟೆ ಹೊಡೆಯುವ ಹೊತ್ತಿಗೆ ನಾನು ಲೇಸರ್ ಮೇಜಿನ ಕನ್ನಡಿ ಒರೆಸುತ್ತಿರುತ್ತೇನೆ. ಆ ಪೂಜೆಯನ್ನು ರಜೆಯ ದಿನ ಶುಕ್ರವಾರ ಫೋನಿನಲ್ಲಿ ಕೇಳುತ್ತಿದ್ದೆ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ತುಟಿ ಬಿಗಿದು ಕೂರುತ್ತಿದ್ದೆ. ದೇವರಿಗೆ ಸುಳ್ಳು ಹೇಳುವುದು ಬೇಡ ಎಂದು.

ಅಮ್ಮ ಕಟ್ಟಿಕೊಟ್ಟಿದ್ದ ಒಣ ಪುನರ್ಪುಳಿಯಲ್ಲಿ ಒಂದು ಹಿಡಿ ಸಾರಿಗೆ ಹೋಯಿತು, ಒಂದು ಹಿಡಿ ಪ್ರಯೋಗಾಲಯಕ್ಕೆ. ಎಲ್ಲರೂ ಊಟಕ್ಕೆ ಹೋದ ಒಂದು ಮಧ್ಯಾಹ್ನ ಅಳೆದೆ. ಎಡೆಬಿಡದ ಬೆಳಕಿಗೆ ಅದೇ ಘಾಟಿ. ಬಿಡುವು ಕೊಟ್ಟ ಮಿಣುಕಿಗೆ ಚಪ್ಪಟೆ ಗೆರೆ. ಹತ್ತು ಸಲ ಅಳೆದೆ, ಹತ್ತು ಸಲವೂ ಚಪ್ಪಟೆ. ಆ ಕಾಗದಗಳನ್ನು ಮಡಚಿ ನನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಯಾರಿಗೂ ಹೇಳಲಿಲ್ಲ. ಪತ್ರಿಕೆಗೆ ಬರೆದರೆ ಯಾರೋ ಎಲ್ಲೋ ಓದುತ್ತಾರೆ. ನನಗೆ ಗೈಡಿನ ಮುಖ ನೋಡಬೇಕಿತ್ತು.

ಒಂದು ರಜೆಯ ದಿನ ಝುಬೇದಾ ಅಕ್ಕನ ಕುಟುಂಬದ ಜೊತೆ ಹಫ್ರ್ ಅಲ್ ಬಾತಿನ್‌ಗೆ ಹೋಗಿದ್ದೆ, ಅವರ ತಮ್ಮನಿಗೆ ಅಲ್ಲಿ ಬಟ್ಟೆಯಂಗಡಿ. ಗಂಟೆಗಟ್ಟಲೆ ನೇರ ರಸ್ತೆ, ತಿರುವೇ ಇಲ್ಲ. ಮುಂದೆ ಯಾವಾಗಲೂ ಒಂದು ಕೆರೆ ಕಾಣುತ್ತದೆ, ಹತ್ತಿರ ಹೋದಷ್ಟೂ ಅದೂ ಮುಂದೆ ಹೋಗುತ್ತದೆ. ಕಾದ ರಸ್ತೆಯ ಮೇಲಿನ ಗಾಳಿ ಬೆಳಕನ್ನು ಬಗ್ಗಿಸಿ ಆಕಾಶವನ್ನು ನೆಲದಲ್ಲಿ ತೋರಿಸುವ ಬಿಸಿಲ್ಗುದುರೆ. ನನ್ನ ಗೈಡ್ ಇದನ್ನು ನೋಡಿಯೇ ಕೆರೆ ಸಿಕ್ಕಿತೆಂದು ಡಂಗುರ ಹೊಡೆದದ್ದು ಎಂದು ಝುಬೇದಾ ಅಕ್ಕನಿಗೆ ಹೇಳಿದೆ.

"ಹಾಗಾದ್ರೆ ಹೇಳಿಬಿಡು, ಹೊಟ್ಟೆಯಲ್ಲಿ ಇಟ್ಟುಕೊಂಡು ಎಂತ ಮಾಡ್ತಿ? ಹುಳಿ ಆಗ್ತದೆ" ಎಂದರು ಅಕ್ಕ. ಹುಳಿಯಾಗಲಿ ಎಂದೇ ಇಟ್ಟಿದ್ದೆ.

ಇಂಥ ಲೇಸರ್ ಇರುವಲ್ಲಿಗೆ ಅವರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆಂದು ಒಂದು ವರ್ಷ ಕಾದೆ. ಒಂದು ದಿನ ದಕ್ತೂರಾ ಬಂದು, ಭಾರತದಿಂದ ಒಬ್ಬರು ಪ್ರೊಫೆಸರ್ ಬರುತ್ತಿದ್ದಾರೆ, ಅವರೊಡನೆ ದೊಡ್ಡ ಜಂಟಿ ಯೋಜನೆ ಮಾಡುವುದಿದೆ, ನಾವೇ ಬರೆದು ಕರೆಸಿದ್ದೇವೆ ಎಂದರು. ಹಣ್ಣಿನ ಬಣ್ಣವೊಂದರ ಅದ್ಭುತ ಗುಣ ಕಂಡುಹಿಡಿದವರಂತೆ. ಅವರ ಮುಂದೆ ಅದೇ ಅಳತೆಯನ್ನು ಇಲ್ಲಿ ಮಾಡಿ ತೋರಿಸಬೇಕು, ತಯಾರಿ ನಿಮ್ಮದು ಎಂದರು. ಆಗಲಿ ದಕ್ತೂರಾ ಎಂದೆ. ಡ್ರಾಯರಿನ ಬೀಗ ಆಗಲೂ ತೆಗೆಯಲಿಲ್ಲ.

ಅವರು ಬಂದರು. ತಲೆಗೂದಲಿಗೆ ಹೊಸದಾಗಿ ಬಣ್ಣ ಹಚ್ಚಿದ್ದರು. ನನ್ನನ್ನು ಕಂಡು ಒಂದು ಕ್ಷಣ ತಡೆದರು, ಮತ್ತೆ ನಕ್ಕರು.

"ಓ ಲವೀನಾ, ನೀನು ಎಂತ ಮಾಡ್ತಾ ಇದ್ದಿ ಇಲ್ಲಿ? ಒಳ್ಳೆಯದಾಯ್ತು" ಎಂದು ದಕ್ತೂರಾ ಕಡೆ ತಿರುಗಿ, ಇವಳು ನನ್ನ ಹಳೆಯ ವಿದ್ಯಾರ್ಥಿನಿ, ಕೈ ತುಂಬಾ ಚೊಕ್ಕ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕೈ ಮಾತ್ರ. ಐದು ವರ್ಷದಲ್ಲಿ ನನ್ನ ಕತ್ತಿನ ಮೇಲೊಂದು ತಲೆ ಇದ್ದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ವಿಶ್ವವಿದ್ಯಾಲಯದ ಇಬ್ಬರು ಅಧಿಕಾರಿಗಳು, ಆರೇಳು ವಿದ್ಯಾರ್ಥಿಗಳು, ದಕ್ತೂರಾ, ಅವರು. ಎಲ್ಲರೂ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ನಿಂತರು. ಎಡೆಬಿಡದ ಹಸಿರು ಬೆಳಕಿಗೆ ಪುನರ್ಪುಳಿ ಬಣ್ಣದ ಸೀಸೆ ಇಟ್ಟೆ. ಗುಡ್ಡ ಎದ್ದಿತು, ಕಣಿವೆ ಇಳಿಯಿತು. ಅಧಿಕಾರಿಗಳು ಮಾಷಾ ಅಲ್ಲಾ ಎಂದರು, ಗೈಡ್ ತಲೆದೂಗಿದರು. ಇನ್ನೊಂದು ಅಳತೆ ಇದೆ ಎಂದೆ. ಕೀಲಿನ ಮೇಲೆ ಕೂತ ಒಂದು ಕನ್ನಡಿ ಮಡಚಿ ಮಿಣುಕುವ ಬೆಳಕನ್ನು ಅದೇ ದಾರಿಗೆ ತಂದೆ. ಸೀಸೆ ಮುಟ್ಟಲಿಲ್ಲ. ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ ಚಪ್ಪಟೆಯಾಗಿ ಹೋಯಿತು.

"ಬೆಳಕಿನ ಗುಣ ಅಲ್ಲ ಸರ್, ಬಿಸಿ" ಎಂದೆ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

"ಮಾದರಿ ಹಳತಾಗಿರಬೇಕು" ಎಂದರು ಅವರು. ಕನ್ನಡಿ ಎತ್ತಿದೆ, ಗುಡ್ಡ ಬಂತು. ಮಡಚಿದೆ, ಹೋಯಿತು. ಮೂರು ಸಲ ಮಾಡಿದೆ. ಎರಡನೆಯ ಸಲಕ್ಕೇ ಸಾಕಿತ್ತು. ಮೂರನೆಯದನ್ನು ಖುಷಿಗೆ ಮಾಡಿದೆ.

ಆಗ ಅವರು, ನಾನು ಅಷ್ಟು ವರ್ಷ ಕಿವಿಯಾರೆ ಕೇಳಬೇಕೆಂದಿದ್ದ ಮಾತು ಹೇಳಿದರು. "ಮೂಲ ಅಳತೆಗಳನ್ನೆಲ್ಲ ಮಾಡಿದ್ದು ಲವೀನಾ. ಪೂರ್ತಿ ಅವಳದೇ ಕೆಲಸ. ತಪ್ಪಾಗಿದ್ದರೆ ಅವಳ ತಪ್ಪು."

ಕೆಲಸ ಸರಿಯೆಂದಾಗ ಇಲ್ಲದ ನನ್ನ ಹೆಸರು ತಪ್ಪೆಂದ ಕೂಡಲೇ ಬಂತು. ಮೈ ಉರಿದುಹೋಯಿತು. ಆದರೆ ನನ್ನ ಹತ್ತಿರ ಊರಿನಿಂದ ತಂದಿದ್ದ ಹಳೆಯ ರೆಕಾರ್ಡ್ ಪುಸ್ತಕ ಇತ್ತು. ನಮ್ಮಲ್ಲಿ ಓದಿದವರಿಗೆಲ್ಲ ಗೊತ್ತಿರುವ ಸಂಗತಿ ಇದು: ಮೇಷ್ಟ್ರುಗಳು ರೆಕಾರ್ಡಿನ ಪ್ರತಿ ಪುಟಕ್ಕೂ ಸಹಿ ಹಾಕುತ್ತಾರೆ, ಒಂದು ಪುಟವನ್ನೂ ಓದುವುದಿಲ್ಲ. ಪುಸ್ತಕಗಳ ರಾಶಿ ಇಟ್ಟುಕೊಂಡು, ಫೋನಿನಲ್ಲಿ ಮಾತಾಡುತ್ತಾ, ಹಾಳೆಯ ಮೂಲೆ ಎತ್ತಿ ಎತ್ತಿ ಕೆಂಪು ಶಾಯಿಯಲ್ಲಿ ಗೀಚುತ್ತಾ ಹೋಗುತ್ತಾರೆ. ಆ ಪುಸ್ತಕ ತೆರೆದು ಮೇಜಿನ ಮೇಲಿಟ್ಟೆ. 'ಇದು ಬಿಸಿಯ ಪರಿಣಾಮ ಇರಬಹುದು. ಪ್ರಕಟಿಸುವ ಮೊದಲು ಬೆಳಕನ್ನು ತುಂಡರಿಸಿ ಅಳೆಯಬೇಕು' ಎಂದು ನಾನು ಬರೆದ ಪುಟ. ಕೆಳಗೆ ಕೆಂಪು ಸಹಿ, ತಾರೀಖು.

"ಇದು ನಿಮ್ಮದೇ ಸಹಿಯಾ?" ದಕ್ತೂರಾ ಕೇಳಿದರು.

ಅವರು ಬಗ್ಗಿ ನೋಡಿದರು. ಆ ಪುಟವನ್ನು ಅವರು ಓದಿದ್ದು ಅದೇ ಮೊದಲು. ನನಗೆ ಕನಿಕರ ಬರಲಿಲ್ಲ. ಬಂದಿತೆಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಬರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಅವರನ್ನು ಕಾರಿಗೆ ಹತ್ತಿಸಿ ದಕ್ತೂರಾ ವಾಪಸು ಬಂದರು. ಬೆನ್ನು ತಟ್ಟುತ್ತಾರೆಂದು ನಾನು ನಿಂತಿದ್ದೆ.

"ನಿಮಗೆ ಇದು ಯಾವಾಗಿನಿಂದ ಗೊತ್ತಿತ್ತು?" ಕೇಳಿದರು. ಡ್ರಾಯರ್ ತೆಗೆದು ಕಾಗದ ಕೊಟ್ಟೆ. ತಾರೀಖು ನೋಡಿದರು.

"ಒಂದು ವರ್ಷ. ನನ್ನ ಲೇಸರಿನಲ್ಲಿ ಅಳೆದು, ನನ್ನ ಪ್ರಯೋಗಾಲಯದಲ್ಲಿ ಬೀಗ ಹಾಕಿ ಇಟ್ಟಿರಿ. ಅವರು ಬರುತ್ತಾರೆಂದು ನಾನು ಹೇಳಿದ ದಿನವೂ ಬಾಯಿ ಬಿಡಲಿಲ್ಲ. ಇವತ್ತು ಅಧಿಕಾರಿಗಳ ಮುಂದೆ ಮೂರ್ಖರಾದದ್ದು ಅವರೊಬ್ಬರೇ ಅಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ಒಂದು ವರ್ಷ ಒಂದೇ ಮುಖ ಕಣ್ಣೆದುರು ಇಟ್ಟುಕೊಂಡವಳಿಗೆ ಪಕ್ಕದ ಮುಖ ಕಂಡಿರಲಿಲ್ಲ. ಕ್ಷಮಿಸಿ ಎಂದೆ. ಅವರು ಡ್ರಾಯರಿನ ಬೀಗದಕೈ ಕೇಳಿ ತೆಗೆದುಕೊಂಡರು.

ಕೆಲವು ತಿಂಗಳಿಗೆ ಗೈಡ್ ಆ ಪ್ರಬಂಧವನ್ನು ಹಿಂತೆಗೆದರು. ಹಿಂದಿನ ವಿದ್ಯಾರ್ಥಿಯೊಬ್ಬರ ಅಳತೆಯಲ್ಲಿ ದೋಷವಿತ್ತು ಎಂದು ಕಾರಣ ಬರೆದಿದ್ದಾರೆ. ಅಲ್ಲಿಯೂ ನನ್ನ ಹೆಸರಿಲ್ಲ. ಹಳೆಯ ಸಹಪಾಠಿಗಳ ವಾಟ್ಸ್ಯಾಪ್ ಗುಂಪಿನಲ್ಲಿ, ಹೊರದೇಶದವರ ಎದುರು ಊರಿನ ಮಾನ ಕಳೆದವಳು ಎಂದು ಯಾರೋ ಬರೆದರು, ಹಲವರು ಹೆಬ್ಬೆರಳು ಎತ್ತಿದರು. ಅಮ್ಮನಿಗೂ ಸುದ್ದಿ ಮುಟ್ಟಿತ್ತು. ಎಷ್ಟಾದರೂ ನಮ್ಮ ಕಡೆಯ ಮನುಷ್ಯ ಅಲ್ಲವಾ ಎಂದಳು. ನಾನು ಯಾವ ಕಡೆಯವಳು ಎಂದು ಕೇಳಿದೆ. ಊಟ ಆಯಿತಾ ಎಂದು ಕೇಳಿದಳು. ಗೈಡ್ ನಾಳೆ ಮತ್ತೆ ಬಂದರೆ ನಾನು ಮತ್ತೆ ಕನ್ನಡಿ ಮಡಚುತ್ತೇನೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ಊರಿಗೆ ಹೋಗಬೇಕೆನಿಸುತ್ತದೆ, ಯಾರ ಎದುರಿಗೆ ಹೋಗಿ ನಿಲ್ಲುವುದೆಂದು ತಿಳಿಯುವುದಿಲ್ಲ. ಇಲ್ಲಿ ಇಕಾಮಾ ಇನ್ನೂ ಎರಡು ವರ್ಷ ಇದೆ.

ದಕ್ತೂರಾ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಗಹ್ವಾ ಈಗಲೂ ಕೊಡುತ್ತಾರೆ. ಆದರೆ ಪ್ರತಿದಿನ ನಾಲ್ಕೂವರೆಗೆ ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಮುಂದೆ ಕೂರುತ್ತಾರೆ. ಆ ದಿನ ನಾನು ಬರೆದ ಪುಟಗಳನ್ನು ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾರೆ. ನಾನು ಬರೆದದ್ದನ್ನು ಯಾರಾದರೂ ಒಬ್ಬರು ಹೀಗೆ ಕೂತು ಓದಲಿ ಎಂದು ಊರಿನಲ್ಲಿ ಐದು ವರ್ಷ ಆಸೆಪಟ್ಟಿದ್ದೆ. ನಿನ್ನೆ ಒಂದು ಸಾಲಿನಲ್ಲಿ ಅವರ ಬೆರಳು ನಿಂತಿತು.

"ಇದನ್ನು ಎರಡನೇ ಸಲ ಅಳೆದಿರಾ?"

"ಅಳೆದೆ ದಕ್ತೂರಾ."

"ತೋರಿಸಿ" ಎಂದರು.