ಖರ್ಚಿನ ಕರ ಮತ್ತು ನನ್ನ ಲಗ್ನ

ನನ್ನ ಲಗ್ನಕ್ಕೆ ದಿಲ್ಲಿಯ ಹಣಕಾಸು ಮಂತ್ರಿಗಳು ಅಡ್ಡ ಬಂದಿದ್ದರು ಎಂದರೆ ನನ್ನ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಬಿಡಿ. ಅಡ್ಡ ಬಂದವರೂ ಅವರೇ, ಕೊನೆಗೆ ದಾರಿ ಬಿಟ್ಟವರೂ ಅವರೇ. ನಡುವೆ ನರಗುಂದದಲ್ಲಿ ನಮ್ಮಪ್ಪ ಮಾಡಿದ ರಾಮಾಯಣ ಮಾತ್ರ ಆ ಪುಣ್ಯಾತ್ಮರಿಗೆ ಗೊತ್ತೇ ಇರಲಿಲ್ಲ.

ಏಕೀಕರಣವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನರಗುಂದದ ಪೇಟೆಯಲ್ಲಿ ಅಪ್ಪನದು ಅಡತಿ ಅಂಗಡಿ. ರೈತರು ತಂದ ಜೋಳ, ಕಡಲೆ, ಹತ್ತಿಯನ್ನು ಮಾರಿಸಿಕೊಟ್ಟು ದಲಾಲಿ ತೆಗೆದುಕೊಳ್ಳುವ ಕೆಲಸ. ಅಂಗಡಿಯ ಹಿಂದೆಯೇ ಮನೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದೆ. ಹುಬ್ಬಳ್ಳಿಯ ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು, ಅದನ್ನು ಅಪ್ಪನಿಗೆ ಓದಿ ಹೇಳುವುದು ನನ್ನ ಕೆಲಸ. ಅವನಿಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ಊಟ ಮುಗಿಸಿ, ಗೋಡೆಗೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ ಕಣ್ಣು ಮುಚ್ಚಿಕೊಂಡು ಕೇಳುವುದರಲ್ಲಿ ಅವನಿಗೊಂದು ದೊಡ್ಡಸ್ತಿಕೆ ಕಾಣುತ್ತಿತ್ತು. ಅಪ್ಪನಿಗೆ ದೊಡ್ಡಸ್ತಿಕೆಯ ಹುಚ್ಚು ಸ್ವಲ್ಪ ಹೆಚ್ಚೇ. ಅವನ ಮಗಳಾದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ.

ಆಗ ನನ್ನ ಲಗ್ನ ನಿಶ್ಚಯವಾಗಿ ಸಕ್ಕರೆ ಹಂಚಿಯಾಗಿತ್ತು. ಹುಡುಗ ರೋಣದಲ್ಲಿ ಶಾಲೆಯ ಮಾಸ್ತರ. ಮನೆ ಗಜೇಂದ್ರಗಡದಲ್ಲಿ, ಸೀರೆ ನೇಯುವ ಮಗ್ಗದ ಮನೆ. ನನ್ನನ್ನು ನೋಡಲು ಬಂದ ದಿನ ಹಿರಿಯರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುತ್ತಿದ್ದರೆ ಅವನು ಮಾತ್ರ ಮೆಲ್ಲಗೆ, "ಪೇಪರ್ ಓದ್ತೀರೇನ್ರಿ?" ಎಂದು ಕೇಳಿದ್ದ. ಹದಿನೆಂಟರ ಹುಡುಗಿಗೆ ರೀ ಹಚ್ಚಿ ಮಾತನಾಡಿದ ಗಂಡಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವತ್ತೇ ನನ್ನ ಮನಸ್ಸು ಹೋಯಿತು, ಮುಚ್ಚಿಡುವುದೇಕೆ?

ಇದಕ್ಕೆ ಮೊದಲು ಜಕ್ಕಲಿಯ ಸಂಬಂಧವೊಂದು ಸಕ್ಕರೆ ಹಂಚಿದ ಮೇಲೆ ಮುರಿದುಬಿದ್ದಿತ್ತು. ತಪ್ಪು ನಮ್ಮದಲ್ಲ, ಆ ಮನೆಯವರಿಗೆ ಬೇರೆ ಕಡೆ ಹೆಚ್ಚು ಹೊಲದ ಹುಡುಗಿ ಸಿಕ್ಕಿದ್ದಳು. ಆದರೂ ಆಡುವವರ ಬಾಯಿಗೆ ಸಿಕ್ಕವಳು ನಾನೇ. ಎರಡನೆಯದೂ ಮುರಿದರೆ ಹುಡುಗಿಯಲ್ಲೇ ಏನೋ ಐಬಿದೆ ಎಂದು ಸುತ್ತಲ ಹತ್ತೂರು ಮಾತಾಡಿಕೊಳ್ಳುತ್ತಿತ್ತು. ಆಮೇಲೆ ನಮ್ಮ ಹೊಸ್ತಿಲಿಗೆ ಯಾರೂ ಬರುತ್ತಿರಲಿಲ್ಲ. ಅವ್ವನಿಗೆ ಇದು ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ದಿಲ್ಲಿಯಲ್ಲಿ ಹೊಸ ಕರದ ಸುದ್ದಿ ಎದ್ದಿತು. ಇಲ್ಲಿಯವರೆಗೆ ಗಳಿಸಿದ್ದಕ್ಕೆ ಕರವಿತ್ತು, ಇನ್ನು ಮೇಲೆ ಖರ್ಚು ಮಾಡಿದ್ದಕ್ಕೂ ಕರ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ನಾನೇ ಓದಿದೆ. ಅಪ್ಪ ಕಣ್ಣು ತೆರೆದ.

"ಲಗ್ನದ ಖರ್ಚಿಗೂ ಐತೇನು?"

"ಗೊತ್ತಿಲ್ಲಪ್ಪಾ. ಅದನ್ನೇನೂ ಬರದಿಲ್ಲ."

"ಬರದಿಲ್ಲ ಅಂದ್ರ ಇದ್ದ ಇರ್ತೈತಿ," ಎಂದು ಅಪ್ಪ ತೀರ್ಪು ಕೊಟ್ಟ.

ಮೊದಲ ನಾಲ್ಕು ದಿನ ಅವನು ನಿಜವಾಗಿಯೂ ಹೆದರಿದ್ದ. ಊಟ ಸೇರಲಿಲ್ಲ. ಅಂಗಡಿ ಸಾಲಿನಲ್ಲಿ ಎಲ್ಲರ ಮುಂದೆ ತನ್ನ ಚಿಂತೆ ಹೇಳಿಕೊಂಡು ಬಂದ. ಪೇಟೆಯ ಜನ ಬಿಡುತ್ತಾರೆಯೇ? "ದಿಲ್ಲಿಯವ್ರ ಕಣ್ಣು ನಿಮ್ಮ ಮ್ಯಾಲೇ ಬಿತ್ತಲ್ರಿ ಸಾವ್ಕಾರ್ರ!" ಎಂದು ಕಾಡಿಸತೊಡಗಿದರು. ಅಲ್ಲಿಯವರೆಗೆ ಅಪ್ಪನನ್ನು ಯಾರೂ ಸಾವ್ಕಾರ್ರ ಎಂದು ಕರೆದವರಲ್ಲ. ಎರಡನೆಯ ವಾರಕ್ಕೆ ಅವನ ನಡಿಗೆಯೇ ಬದಲಾಯಿತು. ಚಿಂತೆಯ ಮಾತು ಅದೇ, ಆದರೆ ಅದನ್ನು ಹೇಳುವಾಗ ಮೀಸೆಯಲ್ಲಿ ನಗು. ಕರಕ್ಕೆ ಹೆದರಬೇಕಾದರೆ ಆಸ್ತಿ ಇರಬೇಕಲ್ಲ! ಊರು ಹಾಗೆ ತಿಳಿಯಿತು, ಊರು ತಿಳಿದದ್ದನ್ನು ಅಪ್ಪನೂ ನಂಬಿದ.

ಲಗ್ನದ ಕೆಲಸ ಮಾತ್ರ ನಿಂತಲ್ಲೇ ನಿಂತಿತು. ನಮ್ಮ ಕಡೆ ಲಗ್ನಕ್ಕೆ ಮೊದಲು ಎರಡೂ ಮನೆಯವರು ಕೂಡಿ ಹೋಗಿ ಸೀರೆ, ಧೋತರ ಕೊಳ್ಳುತ್ತಾರೆ, ಅದಕ್ಕೆ ಜವಳಿ ತೆಗೆಯುವುದು ಎನ್ನುತ್ತಾರೆ. ಜವಳಿ ಆಯಿತೆಂದರೆ ಅರ್ಧ ಲಗ್ನ ಆದಂತೆಯೇ. ಅಂಗಡಿಯಲ್ಲಿ ಕೊಂಡರೆ ಚೀಟಿ ಆಗುತ್ತದೆ, ಚೀಟಿ ಸರಕಾರದ ಕೈಗೆ ಸಿಗುತ್ತದೆ ಎಂದು ಅಪ್ಪ ಜವಳಿಯನ್ನೇ ಮುಂದೂಡಿದ. ಹೊಸ ಕಾಯದೆಯಿಂದಾಗಿ ನಮ್ಮಂಥವರಿಗೆ ಕಷ್ಟವಾಗಿದೆ, ಎಲ್ಲ ತಿಳಿಯಾಗುವವರೆಗೆ ತಡೆಯಬೇಕು ಎಂದು ಬೀಗರಿಗೆ ಕಾಗದ ಬರೆಸಿದ. ಬರೆದವಳು ನಾನೇ! ನನ್ನ ಲಗ್ನವನ್ನು ನನ್ನ ದುಂಡು ಅಕ್ಷರದಲ್ಲಿ ನಾನೇ ಮುಂದೂಡಿದೆ.

"ಹೋಳಿಗಿ ಎಣಸಾಕ ದಿಲ್ಲಿಯಿಂದ ಮಂದಿ ಬರ್ತಾರೇನು?" ಎಂದು ಅವ್ವ ಸಿಡುಕಿದಳು.

"ಬಂದ್ರ ಏನ್ ಮಾಡ್ತಿ?" ಎಂದ ಅಪ್ಪ.

"ಅವ್ರಿಗೂ ಎರಡು ಬಡಸ್ತೀನಿ!"

ಗಜೇಂದ್ರಗಡದಿಂದ ಉತ್ತರ ಬರಲಿಲ್ಲ. ಒಂದು ವಾರ, ಎರಡು ವಾರ, ತಿಂಗಳಾಯಿತು. ಟಪಾಲಿನವನು ನಮ್ಮ ಮನೆ ದಾಟಿ ಹೋಗುವುದನ್ನು ನೋಡಿ ನೋಡಿ ನನಗೆ ಅವನ ಮೇಲೇ ಸಿಟ್ಟು ಬರುತ್ತಿತ್ತು. ಅವ್ವ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು.

ಆಗ ಒಂದು ಮಧ್ಯಾಹ್ನ ಪತ್ರಿಕೆಯ ಒಳಪುಟದಲ್ಲಿ ಲೋಕಸಭೆಯ ಪ್ರಶ್ನೋತ್ತರ ಕಣ್ಣಿಗೆ ಬಿತ್ತು. ಈ ಖರ್ಚಿನ ಕರ ಮಗಳ ಮದುವೆ ಮಾಡುವ ಸಾಮಾನ್ಯ ಜನರ ಮೇಲೂ ಬೀಳುತ್ತದೆಯೇ ಎಂದು ಯಾರೋ ಒಬ್ಬ ಸದಸ್ಯರು ಕೇಳಿದ್ದರು. ನಮ್ಮಪ್ಪನನ್ನು ಕಂಡೇ ಕೇಳಿದರೇನೋ ಎನ್ನಿಸಿತು. ಬಹಳ ದೊಡ್ಡ ಆದಾಯವಿರುವ ಕೆಲವೇ ಜನರಿಗೆ ಇದು ಅನ್ವಯಿಸುತ್ತದೆ, ಉಳಿದವರಿಗೆ ಸಂಬಂಧವೇ ಇಲ್ಲ ಎಂದು ಮಂತ್ರಿಗಳು ಉತ್ತರ ಕೊಟ್ಟಿದ್ದರು. ಎಷ್ಟು ದೊಡ್ಡ ಆದಾಯ ಎಂಬುದನ್ನೂ ಹೇಳಿದ್ದರು. ನಮ್ಮ ಸಾಲಿನ ಅಂಗಡಿಗಳನ್ನೆಲ್ಲ ಒಟ್ಟು ಮಾಡಿದರೂ ಆ ಅಂಕಿ ಮುಟ್ಟುವುದು ಸಂಶಯವಿತ್ತು.

"ಇನ್ನೊಮ್ಮೆ ಓದು," ಎಂದ ಅಪ್ಪ. ಓದಿದೆ. ಖುಷಿಯಿಂದ ಅವ್ವನಿಗೆ ಹೇಳಲು ಎದ್ದೆ. ಅಪ್ಪ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡ.

"ಇದನ್ನ ಯಾರ ಮುಂದೂ ಹೇಳಬ್ಯಾಡ. ನಿಮ್ಮವ್ವನ ಮುಂದೂ."

ಹೋಗಿ ಅಂಗಡಿಯ ಗಾದಿಯ ಕೆಳಗೆ ಅದನ್ನು ಮಡಚಿಟ್ಟು ಬಂದ. ಯಾಕೆಂದು ನನಗೆ ಕೂಡಲೇ ಹೊಳೆಯಲಿಲ್ಲ. ಹೊಳೆದಾಗ ಮೈಯೆಲ್ಲ ಉರಿಯಿತು. ಕರ ಇಲ್ಲ ಎಂದು ಹೇಳಿದರೆ, ಕರ ಕೊಡುವಷ್ಟು ದೊಡ್ಡವನು ತಾನಲ್ಲ ಎಂದು ಒಪ್ಪಿಕೊಂಡ ಹಾಗೆ. ತಿಂಗಳಿಂದ ಸಾವ್ಕಾರ್ರ ಎನ್ನಿಸಿಕೊಂಡು ಓಡಾಡಿದವನಿಗೆ ಅದು ಆಗದ ಮಾತು. ಈ ಅಭಿಮಾನಕ್ಕೆ ನನ್ನ ಲಗ್ನ ಬಲಿಯಾಗುತ್ತಿತ್ತು.

ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಐದನೆಯ ದಿನ ಬೆಳಗಿನ ಬಸ್ಸಿಗೆ ಹುಡುಗನ ತಂದೆಯೇ ಬಂದರು, ಜೊತೆಗೆ ಅವರ ಓಣಿಯ ಹಿರಿಯರೊಬ್ಬರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡ್ರಿಸಿದೆವು. ನಾನೂ ಅವ್ವನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತೆವು. ಅಪ್ಪ ಅವರಿಗೆ ಮಾತಾಡಲು ಬಿಡದೆ ಕಾಯದೆ, ದಿಲ್ಲಿ, ಚೀಟಿ ಎಂದು ಶುರುಮಾಡಿದ. ಬೀಗರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ಕೈ ಮುಗಿದರು.

"ತಪ್ಪ ತಿಳೀಬ್ಯಾಡ್ರಿ. ಈ ಸಂಬಂಧ ಇಲ್ಲಿಗೇ ಬಿಡೂಣು ಅಂತ ಹೇಳಾಕ ಬಂದೀವ್ರಿ."

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. ನಾನು ಬಿಡಿಸಿಕೊಂಡೆ. ಹಿಂದಿನ ಬಾಗಿಲಿನಿಂದ ಅಂಗಡಿಗೆ ಹೋಗಿ ಗಾದಿ ಎತ್ತಿ ಪತ್ರಿಕೆ ತೆಗೆದುಕೊಂಡು ನೇರ ಪಡಸಾಲೆಗೆ ಬಂದು ನಿಂತೆ. ನಿಶ್ಚಯವಾದ ಹುಡುಗಿ ಬೀಗರ ಮುಂದೆ ಹೀಗೆ ಬಂದು ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ, "ಒಳಗ ನಡಿ!" ಎಂದ. ನಾನು ನಡೆಯಲಿಲ್ಲ. ಪ್ರಶ್ನೆ ಓದಿದೆ, ಉತ್ತರ ಓದಿದೆ, ಆ ಅಂಕಿಯನ್ನೂ ಬಿಡಿಸಿ ಓದಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಬೀಗರು ಅಪ್ಪನ ಕಡೆ ತಿರುಗಿದರು.

"ಹಂಗಾದ್ರ ನಿಮಗ ಆ ಟ್ಯಾಕ್ಸ್ ಇಲ್ಲೇನ್ರಿ?"

ಅಪ್ಪ ಜಮಖಾನೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿದ್ದವು. "ಇಲ್ರಿ," ಎಂದ. ಮತ್ತೆ ಸ್ವಲ್ಪ ತಡೆದು, "ಅಷ್ಟು ದೊಡ್ಡವ ನಾ ಅಲ್ರಿ," ಎಂದ.

ಬೀಗರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬೆವರು ಒರೆಸಿಕೊಂಡರು. ಆಮೇಲೆ ನಕ್ಕರು ನೋಡಿ, ಅಂಥ ನಗು ನಮ್ಮ ಪಡಸಾಲೆಯಲ್ಲಿ ತಿಂಗಳಿಂದ ಕೇಳಿರಲಿಲ್ಲ.

"ಮೊದ್ಲ ಹೇಳಬಾರದೇನ್ರಿ! ನಮ್ಮದು ಎರಡು ಮಗ್ಗದ ಮನೀರಿ. ದಿಲ್ಲಿ ಸರಕಾರ ಟ್ಯಾಕ್ಸ್ ಹಾಕೂವಂಥಾ ದೊಡ್ಡ ಮನಿ ಹುಡುಗಿ ನಮ್ಮ ನೆಲದ ಕುಣಿಯಾಗಿನ ಮಗ್ಗದ ಮಗ್ಗಲದಾಗ ಹ್ಯಾಂಗ ಬಾಳೇವು ಮಾಡ್ಯಾಳು ಅಂತ ನಮ್ಮ ಮನ್ಯಾಕಿ ತಿಂಗಳಿಂದ ಚಿಂತಿ ಹಚ್ಕೊಂಡು ಕುಂತಾಳ್ರಿ. ಅದಕ್ಕ ಕಾಗದಾನೂ ಬರೀಲಿಲ್ಲ. ಸಂಬಂಧ ಬಿಡೂದು ಬ್ಯಾಡ ಅಂದಾಂವ ನಮ್ಮ ಹುಡುಗ ಒಬ್ಬವನ. ಅವರು ದೊಡ್ಡವರಾದ್ರೇನು, ಆ ಹುಡುಗಿನ್ನ ಒಂದ್ ಮಾತ್ ಕೇಳ್ರಿ ಅಂತಿದ್ದ."

ಬಾಗಿಲ ಹಿಂದೆ ಅವ್ವ ಜೋರಾಗಿ ಉಸಿರು ಬಿಟ್ಟದ್ದು ಪಡಸಾಲೆಗೆಲ್ಲ ಕೇಳಿಸಿತು. ನನ್ನ ಎದೆಯ ಮೇಲಿನ ಜೋಳದ ಚೀಲವನ್ನು ಯಾರೋ ಇಳಿಸಿದಂತಾಯಿತು. ಮುಂದಿನ ಸೋಮವಾರ ಜವಳಿ ಎಂದು ಅಲ್ಲೇ ನಿಶ್ಚಯವಾಯಿತು. ಅವ್ವ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತ ಅಳುತ್ತಿದ್ದಳು, ಉಳ್ಳಾಗಡ್ಡಿ ಎಂದು ನೆಪ ಹೇಳಿದಳು.

ಅಪ್ಪ ಬೀಗರನ್ನು ಬಸ್ಸಿಗೆ ಬಿಡಲು ಹೋದ. ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ತಿರುಗಿ ಬಂದ ಮೇಲೆ ಬೈಗುಳ ಖಚಿತ ಎಂದುಕೊಂಡು ಅಂಗಡಿಯ ಬಾಗಿಲ ಮರೆಯಲ್ಲಿ ಕಾಯುತ್ತ ನಿಂತೆ. ಅವನು ಪೇಟೆಯ ಸಾಲಿನಲ್ಲಿ ನಡೆದು ಬರುತ್ತಿದ್ದ, ಆದರೆ ಬೇಗ ಬರಲೊಲ್ಲ. ಒಂದೊಂದು ಅಂಗಡಿಯ ಮುಂದೂ ನಿಲ್ಲುತ್ತಿದ್ದ. ಹತ್ತಿರವಾದಂತೆ ಮಾತು ಕೇಳಿಸಿತು.

"ಆ ಟ್ಯಾಕ್ಸ್ ನಮ್ಮಂಥಾ ಸಣ್ಣ ಮಂದಿಗಲ್ಲಂತ್ರಿ. ಪೇಪರಿನ್ಯಾಗ ಬಂದೈತಿ. ನನ್ನ ಮಗಳು ಓದಿದ್ಲು."

ಪಕ್ಕದ ಬೆಲ್ಲದ ಅಂಗಡಿಯವರು ಬಿಡಲಿಲ್ಲ. "ಹಂಗಾದ್ರ ಸಾವ್ಕಾರಕಿ ಹೋತಲ್ರಿ?"

"ಹೋತ್ರಿ," ಎಂದ ಅಪ್ಪ, ಇಡೀ ಸಾಲಿಗೆ ಕೇಳುವ ಹಾಗೆ. "ಹೋದ್ರ ಹೋಗ್ಲಿ ಬಿಡ್ರಿ. ಮಗಳ ಲಗ್ನ ಐತಿ, ಎಲ್ಲಾರೂ ಬರ್ರಿ."