ಮೆಟ್ಟಿಲ ಕೆಳಗಿನ ಕೀಲುಗಳು

ತೈವಾನಿನ ಶೂಲಿನ್ ಊರಲ್ಲಿ ಶ್ಯೂ-ಚಿನ್‌ಳ ಮನೆ ಯಾವುದೆಂದು ಕೇಳಿದರೆ, ಸ್ಕೂಟರ್ ಮಳೆಯಲ್ಲಿ ನೆನೆಯುತ್ತಿರುವ ಮನೆ ಎನ್ನುತ್ತಿದ್ದರು. ಒಳಗೆ ಅದಕ್ಕೆ ಜಾಗವಿರಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳದ ಕೀಲುಗಳನ್ನು ಅವಳೂ ಗಂಡ ಯುಂಗ್-ಫಾನೂ ಮನೆಯ ಕೆಳಮಹಡಿಯಲ್ಲಿ ಲೋಹದ ತಗಡನ್ನು ಒತ್ತಿ ಕತ್ತರಿಸುವ ಪ್ರೆಸ್ಸಿನಲ್ಲಿ ತಯಾರಿಸುತ್ತಿದ್ದರು. ಹಿಂದೆ ಮಾಡಿದ್ದನ್ನೆಲ್ಲ ಕಂಪ್ಯೂಟರ್ ಕಂಪನಿಯೇ ಒಯ್ದು ಗೋದಾಮಿನಲ್ಲಿ ತುಂಬಿಕೊಳ್ಳುತ್ತಿತ್ತು. ಈಗ ಅದು ಗೋದಾಮನ್ನೇ ಖಾಲಿ ಮಾಡಿತ್ತು. ಬೇಕಾದ ದಿನ ಬೇಕಾದಷ್ಟೇ ಕೇಳುತ್ತಿತ್ತು. ಇಲ್ಲವೆಂದವರನ್ನು ಮತ್ತೆ ಕೇಳುತ್ತಿರಲಿಲ್ಲ. ಬಿತ್ತನೆಯ ಭತ್ತವನ್ನು ಎಂಥ ಹಸಿವಿಗೂ ಮುಟ್ಟದ ರೈತರ ಮನೆಯಲ್ಲಿ ಬೆಳೆದ ಶ್ಯೂ-ಚಿನ್, ಮುಂಚಿತವಾಗಿಯೇ ಮಾಡಿಡುತ್ತಾ ಹೋದಳು. ಕಂಪನಿಯ ಗೋದಾಮು ಅವಳ ಮನೆಗೆ ಬಂದು ಕೂತಿತು: ಮೆಟ್ಟಿಲ ಕೆಳಗೆ, ಮಂಚದ ಪಕ್ಕ, ದೇವರ ಮೇಜಿನಡಿ.

ಆ ತಿಂಗಳು ಬಾಗಿಲಲ್ಲಿ ಭೂಮಿದೇವರಿಗೆ ಎಡೆ ಇಡಲೂ ಜಾಗ ಸಾಲದೆ, ಬೇಯಿಸಿದ ಕೋಳಿಯನ್ನು ಕೀಲಿನ ಪೆಟ್ಟಿಗೆಗಳ ಮೇಲೇ ಇಟ್ಟಳು.

“ಕೋಳಿ ಜೊತೆ ನೆಂಚ್ಕೊಳ್ಳೋಕೆ ಕೀಲು ಇಟ್ಟಿದಾಳೆ ಅಂದ್ಕೊಳ್ತಾನೆ ದೇವ್ರು,” ಅಂದಳು ಅತ್ತೆ.

ಯುಂಗ್-ಫಾ ನಗಲಿಲ್ಲ. “ಈ ಮಾಡೆಲ್ ತಿಂಗಳ ಕೊನೆಗೆ ನಿಲ್ಸ್ತಾರಂತೆ ಕಣೇ. ಆಮೇಲೆ ಇವನ್ನೆಲ್ಲ ಗುಜರಿಗೆ ಹಾಕ್ಬೇಕಷ್ಟೆ.”

ಶ್ಯೂ-ಚಿನ್ ಊದುಬತ್ತಿ ಹಚ್ಚಿದಳು. ಪೆಟ್ಟಿಗೆಗಳು ಹಾಗೇ ಉಳಿದರೆ, ಅವಕ್ಕೆ ಸುರಿದ ದುಡ್ಡು ಮುಳುಗಿ ಪ್ರೆಸ್ಸನ್ನೇ ಮಾರಬೇಕಾಗುತ್ತದೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ವಾರದೊಳಗೆ ಚಂಡಮಾರುತ ಬಂತು. ಕಂಬಗಳು ಉರುಳಿ ಊರಿಡೀ ಕರೆಂಟ್ ಹೋಯಿತು, ಪ್ರೆಸ್ಸುಗಳೆಲ್ಲ ನಿಂತವು. ಗಾಳಿ ತಗ್ಗಿದ ಬೆಳಗ್ಗೆ ಕಂಪನಿಯ ಖರೀದಿ ವಿಭಾಗದ ಚಿಯೆನ್ ಫೋನ್ ಮಾಡಿದ. ಅವರಲ್ಲಿ ಜನರೇಟರ್ ಓಡುತ್ತಿತ್ತು, ಕೀಲು ಮುಗಿದಿತ್ತು.

“ಯಜಮಾನ್ತಿ, ನಿಮ್ಹತ್ರ ಎಷ್ಟಿದೆ?”

“ಎಷ್ಟು ಬೇಕಿತ್ತು?”

“ಇರೋದೆಲ್ಲ ಬೇಕು. ಈ ಮಾಡೆಲ್‌ನ ಕೊನೇ ಆರ್ಡರ್ ಅರ್ಧಕ್ಕೆ ನಿಂತಿದೆ. ಯಾರನ್ನ ಕೇಳಿದ್ರೂ ಕರೆಂಟ್ ಬರ್ಲಿ ಅಂತಾರೆ.”

ಶ್ಯೂ-ಚಿನ್ ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳತ್ತ ನೋಡಿದಳು. “ಹಾಗಾದ್ರೆ ದೊಡ್ಡ ಲಾರಿನೇ ಕಳಿಸಿ,” ಎಂದಳು.

ಓಣಿಯವರೆಲ್ಲ ಸೇರಿ ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ದೇವರ ಮೇಜಿನಡಿಯ ಕೊನೆಯ ಪೆಟ್ಟಿಗೆ ಎತ್ತಿದಾಗ ಅತ್ತೆ ಕೂಗಿಕೊಂಡಳು:

“ಅಯ್ಯೋ, ನನ್ನ ಚಪ್ಪಲಿ! ಪಕ್ಕದ್ಮನೆಯವಳ ನಾಯಿ ಕಚ್ಕೊಂಡ್ಹೋಯ್ತು ಅಂತ ಅವಳ ಜೊತೆ ಮಾತೇ ಬಿಟ್ಟಿದ್ನಲ್ಲೇ!”

ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಿದ್ದವಳು ಆ ಪಕ್ಕದ ಮನೆಯವಳೇ.

ಲಾರಿ ಹೋದ ಮೇಲೆ ಯುಂಗ್-ಫಾ ಸ್ಕೂಟರನ್ನು ಒಳಗೆ ತಳ್ಳಿ ಸೀಟು ಒರೆಸಿದ.

“ಹೊಸ ಮಾಡೆಲ್‌ದೂ ಹಿಂಗೇ ಗುಡ್ಡೆ ಹಾಕ್ತೀಯೇನು?”

“ಕರೆಂಟ್ ಬರ್ಲಿ, ಆಮೇಲೆ ಜಗಳ ಆಡೋಣ,” ಎಂದು ಶ್ಯೂ-ಚಿನ್ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಪೂರ್ತಿ ಚಾಚಿದರೂ ಯಾವ ಪೆಟ್ಟಿಗೆಯೂ ತಗುಲಲಿಲ್ಲ.