ಶಾಲಿನ ತಾಟು ಹಿಡಿದ ಹುಡುಗಿಗೆ ಸೀಟಿಲ್ಲ

“ಪಿಯುಸಿ ಫೇಲ್ ಆದವ್ರಿಗೆಲ್ಲ ಡಿಗ್ರಿ ಯಾಕ ಬೇಕರಿ? ಐಟಿಐ ಮಾಡ್ಯಾಳಲ್ಲ, ಕೆಲಸಕ್ಕ ಹಚ್ರಿ.”

ಗೆಳೆಯರೇ, ಇದು ಇವತ್ತು ಬೀದರಿನ ಒಂದು ಕಾಲೇಜಿನ ಪ್ರಾಂಶುಪಾಲರು ಹೇಳಿದ ಮಾತು. ನಾನು ಕರೆದುಕೊಂಡು ಹೋಗಿದ್ದು ಮೈಲೂರಿನ ನಮ್ಮ ನೆರೆಮನೆಯ ಫರ್ಹಾನಾಳನ್ನು. ಪಿಯುಸಿಯಲ್ಲಿ ನಪಾಸಾದ ಮೇಲೆ ಅವಳು ಭಾಲ್ಕಿಯಲ್ಲಿ ಎರಡು ವರ್ಷದ ಐಟಿಐ ಮುಗಿಸಿದ್ದಾಳೆ, ಭಾಷಾ ಪರೀಕ್ಷೆಯನ್ನೂ ಪಾಸು ಮಾಡಿದ್ದಾಳೆ. ಇಷ್ಟಿದ್ದರೆ ಪಿಯುಸಿಗೆ ಸಮ ಎಂದು ಸರ್ಕಾರವೇ ಹೇಳಿದೆ. ಬಿಎ ಪ್ರವೇಶಕ್ಕೆ ಸೋಮವಾರ ಕೊನೆಯ ದಿನ. ಇವರು ಅವಳ ಅಂಕಪಟ್ಟಿಯನ್ನು ಮುಟ್ಟಲೂ ಇಲ್ಲ.

ಮರೆವು ನನಗೆ ಕಡಿಮೆ. “ಸರ್, ಹೋದ ವರ್ಷ ಭಾಲ್ಕಿ ಐಟಿಐ ವಾರ್ಷಿಕೋತ್ಸವಕ್ಕ ನೀವೇ ಮುಖ್ಯ ಅತಿಥಿ. ‘ಐಟಿಐ ಮಕ್ಕಳಿಗಿ ನಮ್ಮ ಕಾಲೇಜಿನ ಬಾಗಲಾ ಸದಾ ತೆರದದ’ ಅಂದ್ರಿ. ನಾನೂ ಚಪ್ಪಾಳಿ ಹೊಡ್ದಿದ್ದೆ.”

“ಅದು ಭಾಷಣರಿ. ಇದು ಅಡ್ಮಿಷನ್.”

“ಸರ್, ಅವತ್ತು ನಿಮಗ ಹೊದಿಸಿದ ಶಾಲಿನ ತಾಟು ಹಿಡ್ದಾಕಿ ನಾನೇರಿ,” ಎಂದಳು ಫರ್ಹಾನಾ.

ಆಗ ಅವರು ಅವಳ ಮುಖವನ್ನು ಮೊದಲ ಸಲ ನೋಡಿದರು. “ಹೌದಾ ಬೇಟಾ? ಭಾಳ ಛಲೋ ಆತು. ಸೋಮವಾರ ನಮ್ಮಲ್ಲಿ ಮಂತ್ರಿಗಳ ಸನ್ಮಾನ ಅದ. ತಾಟು ಹಿಡಿಯೋ ಹುಡುಗೀರು ಕಮ್ಮಿ ಬಿದ್ದಾರ, ಬಾ.”

ಫರ್ಹಾನಾ ಹೋಗುತ್ತಾಳಂತೆ. ತಾಟಿನಲ್ಲಿ ಶಾಲಿನ ಮೇಲೆ ತನ್ನ ಅಂಕಪಟ್ಟಿ ಇಟ್ಟುಕೊಂಡು ನೇರ ಮಂತ್ರಿಗಳ ಮುಂದೆ ನಿಲ್ಲುತ್ತಾಳಂತೆ. ನಾನು ಈ ಸಲವೂ ಚಪ್ಪಾಳೆಗೆ ಹೋಗುತ್ತಿದ್ದೇನೆ.